ಮೂರನೇ ನಿಮಿಷ

ಜೂನ್ 3, ಮಂಗಳವಾರ

ಹುಡುಗಿ ಈ ವರ್ಷ ಬಾಕ್ಸಿಂಗ್‌ನಲ್ಲಿ ಜೂನಿಯರ್ ಬಿಟ್ಟು ಯೂತ್ ವಿಭಾಗಕ್ಕೆ ಬಂದಳು. ಅವಳಮ್ಮ ತೂಕದ ಬಗ್ಗೆ ಕೇಳಿದರು, ಎದುರಾಳಿಗಳ ಬಗ್ಗೆ ಕೇಳಿದರು. ನನಗೆ ಚಿಂತೆ ಇರುವುದು ಗಡಿಯಾರದ್ದು. ಜೂನಿಯರ್‌ನಲ್ಲಿ ಎರಡೆರಡು ನಿಮಿಷದ ಮೂರು ರೌಂಡ್, ಯೂತ್‌ನಲ್ಲಿ ಮೂರು ಮೂರು ನಿಮಿಷದ ಮೂರು. ಆರು ನಿಮಿಷದ ಆಟ ಒಂಬತ್ತಾಯಿತು. ನಡುವಿನ ಬಿಡುವು ಆಗಲೂ ಒಟ್ಟು ಎರಡು ನಿಮಿಷ, ಈಗಲೂ ಅಷ್ಟೇ.

ಸಂಜೆ ಬ್ಯಾಗ್ ಮೇಲೆ ಬಿಟ್ಟು ನೋಡಿದೆ. ಎರಡು ನಿಮಿಷದವರೆಗೆ ಚೆನ್ನಾಗಿ ಹೊಡೆದಳು. ಆಮೇಲೆ ಬಲಗೈ ಗಲ್ಲದಿಂದ ಇಳಿಯಿತು, ಕಾಲು ನೆಲಕ್ಕೆ ಅಂಟಿತು. ಬೆಲ್ ಆಗದಿದ್ದರೂ ಅವಳ ಮೈಗೆ ಬೆಲ್ ಕೇಳಿಸಿತ್ತು. ಇಷ್ಟು ವರ್ಷದ ಅಭ್ಯಾಸ ಅದು.

ಜೂನ್ 5, ಗುರುವಾರ

ಟೈಮರ್‌ನ ಹತ್ತು ಸೆಕೆಂಡಿನ ಎಚ್ಚರಿಕೆಯ ಸದ್ದನ್ನು ನಿಲ್ಲಿಸಿಬಿಟ್ಟೆ. ಮಕ್ಕಳು ಅದಕ್ಕಾಗಿಯೇ ಕಾಯುತ್ತಾರೆ. ನಡುವೆ ಸುಮ್ಮನೆ ಕೈಯಾಡಿಸಿ, ಬೀಪ್ ಕೇಳಿದ್ದೇ ತಡ ದಬದಬ ಹೊಡೆದು, ರೌಂಡ್ ಮುಗಿಸಿದೆವು ಅಂದುಕೊಳ್ಳುತ್ತಾರೆ. ಎದುರಾಳಿ ಆ ಹತ್ತು ಸೆಕೆಂಡಿಗೆ ಕಾಯುತ್ತಾ ಕೂರುವುದಿಲ್ಲ. "ಮೇಡಂ, ಎಷ್ಟು ಉಳಿದಿದೆ ಅಂತ ಹೇಗೆ ಗೊತ್ತಾಗಬೇಕು?" ಎಂದಳು. "ಗೊತ್ತಾಗಬೇಕಿಲ್ಲ ಕಣೇ, ಉಸಿರು ನೋಡ್ಕೊ" ಎಂದೆ.

ಒಮ್ಮೆಗೇ ಮೂರು ನಿಮಿಷಕ್ಕೆ ಎಳೆಯುವುದಿಲ್ಲ. ಈ ವಾರ ಎರಡೂವರೆ ನಿಮಿಷ, ಒಂದು ನಿಮಿಷ ಬಿಡುವು. ಮೂರಕ್ಕೆ ಹೋದಾಗ ಅರ್ಧ ನಿಮಿಷ ಹಗುರ, ಅರ್ಧ ನಿಮಿಷ ಬಿರುಸು, ಹೀಗೆ ಬದಲಿಸುತ್ತಾ ಹೋಗುವುದು. ಕೊನೆಯ ಅರ್ಧ ನಿಮಿಷ ಬಿರುಸಿನದೇ ಬರುವ ಹಾಗೆ.

ಜೂನ್ 9, ಸೋಮವಾರ

ಕರೆಂಟ್ ಹೋಯಿತು, ಟೈಮರ್ ಸತ್ತಿತು. ಸ್ಟಾಪ್‌ವಾಚ್ ಹಿಡಿದು ನಾನೇ ಕೂಗಿದೆ. ಈ ಮೂರು ನಿಮಿಷ ಯಾರು ಮಾಡಿದ್ದು ಎಂದು ಚಿಕ್ಕವನೊಬ್ಬ ಕೇಳಿದ. ಎಲ್ಲರನ್ನೂ ಕೂರಿಸಿಕೊಂಡು ಹೇಳಿದೆ. ಇಂಗ್ಲೆಂಡಿನ ಹಳೆಯ ಬರಿಗೈ ಕಾಳಗದಲ್ಲಿ ಗಡಿಯಾರವೇ ರೌಂಡ್ ಮುಗಿಸುತ್ತಿರಲಿಲ್ಲ. ಒಬ್ಬ ನೆಲಕ್ಕೆ ಬಿದ್ದರೆ ರೌಂಡ್ ಮುಗಿಯಿತು, ಅರ್ಧ ನಿಮಿಷ ಬಿಡುವು, ಮತ್ತೆ ಎದ್ದು ಬರಬೇಕು. 1889ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಸಲಿವನ್ ಮತ್ತು ಕಿಲ್ರೇನ್ ಹೀಗೆ 75 ರೌಂಡ್, ಎರಡು ಗಂಟೆಗೂ ಹೆಚ್ಚು ಬಡಿದಾಡಿದರು. ಮೂರು ನಿಮಿಷದ ರೌಂಡ್, ಒಂದು ನಿಮಿಷದ ಬಿಡುವು, ಗ್ಲೌಸ್, ಇವೆಲ್ಲ 1867ರ ಕ್ವೀನ್ಸ್‌ಬರಿ ನಿಯಮದಿಂದ ಬಂದವು. ಬರೆದದ್ದು ಜಾನ್ ಚೇಂಬರ್ಸ್, ಹೆಸರು ಮಾತ್ರ ಕ್ವೀನ್ಸ್‌ಬರಿಯ ಮಾರ್ಕ್ವಿಸ್‌ನದ್ದು. ಬೀಳದೆಯೂ ದಣಿವಾರಿಸಿಕೊಳ್ಳಬಹುದು ಎಂಬ ಹಕ್ಕನ್ನು ಕೊಟ್ಟವರು ಚೇಂಬರ್ಸ್. ನನಗೆ ಆ ನಿಯಮದಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ.

ಹುಡುಗಿಯರಿಗೆ ಇನ್ನೊಂದನ್ನೂ ಹೇಳಿದೆ. ನಾನು ಆಡುತ್ತಿದ್ದ ಕಾಲಕ್ಕೆ ಹೆಂಗಸರಿಗೆ ಎರಡು ನಿಮಿಷದ ನಾಲ್ಕು ರೌಂಡ್. 2012ರಲ್ಲಿ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೇರಿ ಕೋಮ್ ಕಂಚು ಗೆದ್ದದ್ದು ಆ ಲೆಕ್ಕದಲ್ಲೇ. ಟೋಕಿಯೋದಲ್ಲಿ ಲವ್ಲೀನಾ ಗೆಲ್ಲುವ ಹೊತ್ತಿಗೆ ಮೂರು ನಿಮಿಷದ ಮೂರು ರೌಂಡ್ ಆಗಿತ್ತು. ಒಂದೇ ನಿಮಿಷ ತಾನೇ ಹೆಚ್ಚಿದ್ದು ಎನ್ನುತ್ತಾರೆ. ಮೂಲೆಗೆ ಬಂದು ಕೂರುವುದು ಮೂರು ಸಲದಿಂದ ಎರಡಕ್ಕಿಳಿಯಿತಲ್ಲ, ಅದನ್ನು ಎಣಿಸುವವರು ಕಡಿಮೆ.

ಜೂನ್ 12, ಗುರುವಾರ

ಇಂದು ಬಿಡುವನ್ನೇ ಅಭ್ಯಾಸ ಮಾಡಿಸಿದೆ. ಬೆಲ್ ಆದೊಡನೆ ಮೊಣಕಾಲು ಹಿಡಿದು ಬಾಗುವುದು ಬೇಡ, ಬಾಟಲಿಗೆ ಓಡುವುದೂ ಬೇಡ. ಸ್ಟೂಲ್ ಮೇಲೆ ಕೂತು, ಕೈ ಇಳಿಬಿಟ್ಟು, ಮೂಗಿನಿಂದ ಎಳೆದು ಬಾಯಿಂದ ಉದ್ದಕ್ಕೆ ಬಿಡುವುದು. ಮೊದಲ ಇಪ್ಪತ್ತು ಸೆಕೆಂಡ್ ನಾನು ಬಾಯಿಬಿಡುವುದಿಲ್ಲ. ಆಮೇಲೆ ಒಂದು ಗುಟುಕು ನೀರು, ಒಂದೇ ಒಂದು ಸೂಚನೆ. ಮೂರು ಸೂಚನೆ ಕೊಟ್ಟರೆ ಒಂದೂ ತಲೆಗೆ ಹತ್ತದು.

ಸ್ನಾಯುವಿನೊಳಗಿನ ತಟ್ಟನೆ ಸಿಗುವ ಶಕ್ತಿ, ಫಾಸ್ಫೋಕ್ರಿಯೇಟಿನ್, ಅರ್ಧದಷ್ಟು ಮರಳುವುದಕ್ಕೆ ಸುಮಾರು 30 ಸೆಕೆಂಡ್ ಸಾಕು, ಪೂರ್ತಿ ತುಂಬಲು ಹಲವು ನಿಮಿಷ ಬೇಕು. ಎರಡನೇ ರೌಂಡಿಗೆ ಯಾರೇ ಎದ್ದರೂ ಸಾಲ ಹೊತ್ತೇ ಏಳುತ್ತಾರೆ. ಹುಡುಗಿಯ ಕುತ್ತಿಗೆಯ ನಾಡಿ ಹಿಡಿದೆ: ಬೆಲ್ ಆದಾಗ 184, ನಿಮಿಷ ಕಳೆದಾಗ 152. ಇನ್ನೂ ಇಳಿಯಬೇಕು. ಬೆಳಗಿನ ಓಟ ನಿಲ್ಲಿಸಬಾರದು.

ಜೂನ್ 14, ಶನಿವಾರ

ಒಬ್ಬ ತಂದೆ ಬಂದು, ಸ್ಪಾರಿಂಗ್‌ನಲ್ಲೂ ಬಿಡುವನ್ನು ಅರ್ಧ ನಿಮಿಷಕ್ಕಿಳಿಸಿ, ಮಗ ಗಟ್ಟಿಯಾಗಲಿ ಎಂದರು. ಆಗುವುದಿಲ್ಲ ಎಂದೆ. ಹಗ್ಗಕ್ಕೆ, ಬ್ಯಾಗ್‌ಗೆ ಬಿಡುವು ಕತ್ತರಿಸುತ್ತೇನೆ. ಬ್ಯಾಗ್ ತಿರುಗಿ ಹೊಡೆಯುವುದಿಲ್ಲ. ಎದುರಿಗೆ ಮನುಷ್ಯ ನಿಂತಾಗ ಪೂರ್ತಿ ಒಂದು ನಿಮಿಷ. ದಣಿದ ಮಗುವಿನ ಕೈ ಮೇಲೇಳುವುದಿಲ್ಲ, ಕತ್ತು ಗಟ್ಟಿ ನಿಲ್ಲುವುದಿಲ್ಲ, ಪೆಟ್ಟು ನೇರ ತಲೆಗೆ. 1982ರ ನವೆಂಬರಿನಲ್ಲಿ ಲಾಸ್ ವೇಗಸ್‌ನಲ್ಲಿ ಮಾನ್ಸಿನಿ ಎದುರು 14ನೇ ರೌಂಡಿನಲ್ಲಿ ಬಿದ್ದ ಕೊರಿಯಾದ ಡುಕ್ ಕೂ ಕಿಮ್ ಮತ್ತೆ ಕಣ್ಣು ತೆರೆಯಲಿಲ್ಲ. ಅದಾದ ಮೇಲೆ ವಿಶ್ವ ಪ್ರಶಸ್ತಿಯ ಕಾಳಗಗಳು 15ರಿಂದ 12 ರೌಂಡಿಗೆ ಇಳಿದವು. ಆ ತಂದೆ ಕೇಳಿಸಿಕೊಂಡರು, ಒಪ್ಪಿದರೋ ಇಲ್ಲವೋ. ನನ್ನ ರಿಂಗಿನಲ್ಲಿ ಇದು ಬದಲಾಗುವುದಿಲ್ಲ.

ಜೂನ್ 21, ಶನಿವಾರ

ಮೂರು ನಿಮಿಷದ ಮೂರು ರೌಂಡ್ ಸ್ಪಾರಿಂಗ್. ಮೊದಲೆರಡು ಹೇಳುವಂಥದ್ದೇನಿಲ್ಲ. ಕೊನೆಯ ರೌಂಡಿನ ಮೂರನೇ ನಿಮಿಷದಲ್ಲಿ ಬಲಗೈ ಇಳಿಯುತ್ತಾ ಬಂತು; ಅವಳೇ ಎರಡು ಹೆಜ್ಜೆ ಹಿಂದೆ ಸರಿದು, ಉಸಿರು ಬಿಟ್ಟು, ಕೈ ಮತ್ತೆ ಗಲ್ಲಕ್ಕೆ ತಂದಳು. ಆಮೇಲೆ ಜ್ಯಾಬ್, ಇನ್ನೊಂದು ಜ್ಯಾಬ್. ಯಾರೂ ಕೂಗಿ ಹೇಳಿರಲಿಲ್ಲ. ನನಗಾದ ಸಂತೋಷ ಅಷ್ಟಿಷ್ಟಲ್ಲ. ನಿಮಿಷ ಕಳೆದಾಗಿನ ನಾಡಿ 141ಕ್ಕೆ ಇಳಿದಿದೆ.

ಸೋಮವಾರ ಹಗ್ಗ ಮತ್ತು ಶ್ಯಾಡೋ ಬಾಕ್ಸಿಂಗ್ ಮಾತ್ರ. ಬುಧವಾರ ಬ್ಯಾಗ್, ಮೂರು ನಿಮಿಷದ ಆರು ರೌಂಡ್, ನಡುವೆ 45 ಸೆಕೆಂಡ್. ಸ್ಪಾರಿಂಗ್‌ಗೆ ಎಡಗೈ ಆಟಗಾರ್ತಿಯೊಬ್ಬಳು ಬೇಕು. ಪಕ್ಕದ ಕ್ಲಬ್ಬಿಗೆ ಫೋನ್ ಮಾಡಬೇಕು.