ಟೇಲರ್ ಸಾಹೇಬರ ಮನೆತನ ಹುಡುಕುತ್ತಾ ಹೋದಾಗ

ಭೀಮರಾಯನಗುಡಿ ಕಡೆಯಿಂದ ಸುರಪುರಕ್ಕೆ ಹೋದವರು ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿರುತ್ತೀರಿ. ನಾವೂ ಸಣ್ಣವರಿದ್ದಾಗಿನಿಂದ ನೋಡಿದ್ದೇವೆ. ಆದರೆ ಆ ಸಾಹೇಬರು ಯಾರ ಮಗ, ಇಷ್ಟು ದೂರ ಯಾಕೆ ಬಂದರು ಎಂದು ಯಾವತ್ತೂ ಕೇಳಿರಲಿಲ್ಲ. ಈ ಬೇಸಿಗೆಯಲ್ಲಿ ನಾವು ಮೂವರು ಗೆಳೆಯರು ಕೂತು ಅವರ ವಂಶ ಹುಡುಕಿದೆವು.

ಫಿಲಿಪ್ ಮೆಡೋಸ್ ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ತಂದೆ ವ್ಯಾಪಾರಿ. ವ್ಯಾಪಾರ ಕೈಕೊಟ್ಟಿತು. 1824ರಲ್ಲಿ, 15 ವರ್ಷದ ಹುಡುಗನನ್ನು ಮುಂಬೈಯ ಒಬ್ಬ ವ್ಯಾಪಾರಿಯ ಬಳಿ ಕೆಲಸಕ್ಕೆಂದು ಹಡಗು ಹತ್ತಿಸಿದರು. ಮುಂದೆ ಪಾಲುದಾರನನ್ನಾಗಿ ಮಾಡಿಕೊಳ್ಳುವ ಮಾತಾಗಿತ್ತು. ಬಂದು ನೋಡಿದರೆ ಆ ವ್ಯಾಪಾರವೂ ಸೋತಿತ್ತು. ಸಂಬಂಧಿಕರೊಬ್ಬರ ನೆರವಿನಿಂದ ಹೈದರಾಬಾದ್ ನಿಜಾಮರ ಸೈನ್ಯದಲ್ಲಿ ಕೆಲಸ ಸಿಕ್ಕಿತು.

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ನಮ್ಮೂರ ಹುಡುಗರು ಮೇಸ್ತ್ರಿಯ ಮಾತು ನಂಬಿ ಬೆಂಗಳೂರು, ಪುಣೆ ಬಸ್ ಹತ್ತುವುದೂ ಹೆಚ್ಚುಕಡಿಮೆ ಅದೇ ವಯಸ್ಸಿಗೆ. ವ್ಯತ್ಯಾಸ ಇಷ್ಟೇ: ಆ ಹುಡುಗನ ಬೆನ್ನಿಗೆ ಆಳುವವರಿದ್ದರು, ನಮ್ಮವರ ಬೆನ್ನಿಗೆ ಗಂಟುಮೂಟೆ ಮಾತ್ರ.

1840ರ ದಶಕದ ಆರಂಭದಲ್ಲಿ ಟೇಲರ್ ಸುರಪುರಕ್ಕೆ ಬಂದರು. ಬಾಲಕ ರಾಜಾ ವೆಂಕಟಪ್ಪ ನಾಯಕರು ದೊಡ್ಡವರಾಗುವವರೆಗೆ, 1853ರ ತನಕ, ಸಂಸ್ಥಾನದ ಆಡಳಿತ ನೋಡಿಕೊಂಡರು. ರಾಜರು ಅವರನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದರು. ಅದೇ ರಾಜರು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದರು, ಸೆರೆಸಿಕ್ಕರು, ಗುಂಡೇಟಿನಿಂದ ತೀರಿಕೊಂಡರು. ಈ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು.

ಗೊತ್ತಿಲ್ಲದ್ದು ಸಾಹೇಬರ ಮನೆಯ ಕಥೆ. ತಂದೆಯ ಕಡೆ ನಾರ್ವಿಚ್ ಊರಿನ ಜಾನ್ ಟೇಲರ್ ಎಂಬ ಧರ್ಮಪಂಡಿತರವರೆಗೆ ವಂಶ ಸಿಗುತ್ತದೆ. ತಾಯಿಯ ಕಡೆ ಮಿಟ್‌ಫರ್ಡ್ ಮನೆತನ. ಹೆಂಡತಿ ಮೇರಿ ಪಾಮರ್. ಆಕೆಯ ತಂದೆ ವಿಲಿಯಂ ಪಾಮರ್ ಹೈದರಾಬಾದಿನ ಹೆಸರಾಂತ ಸಾಹುಕಾರ. ಆ ಸಾಹುಕಾರನ ತಾಯಿ ಯಾರು ಗೊತ್ತೇ? ಫೈಜ್ ಬಕ್ಷ್ ಎಂಬ ಮುಸ್ಲಿಂ ಹೆಣ್ಣುಮಗಳು, ಈ ನಾಡಿನವಳೇ. ಮಕ್ಕಳನ್ನು ಜೊತೆಗಿಟ್ಟುಕೊಂಡು ಆಕೆ ಕೂತಿರುವ ಚಿತ್ರ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಟೇಲರ್ 1876ರಲ್ಲಿ ತೀರಿಕೊಂಡ ಮೇಲೆ ಅವರ ಆತ್ಮಕಥೆಯನ್ನು ಅಚ್ಚಿಗೆ ತಂದವಳು ಮಗಳು. ಆ ಮಗಳಿಗೆ ಫೈಜ್ ಬಕ್ಷ್ ತಾಯಿಯ ಕಡೆಯ ಮುತ್ತಜ್ಜಿ! ಅಂದರೆ ಸಾಹೇಬರ ಮನೆಯ ಒಂದು ಬೇರು ಇಲ್ಲಿಯದೇ.

ಅಷ್ಟರಲ್ಲಿ ನಮ್ಮಲ್ಲೊಬ್ಬನ ಮನೆಗೆ ಹೆಳವರು ಬಂದರು. ನಿಮಗೆ ಗೊತ್ತಲ್ಲ, ಮನೆತನದ ವಂಶ ಹೇಳಿ ಕಾಳುಕಡಿ ಪಡೆಯುವವರು. ಅವರು ಮುತ್ಯಾನ ಮುತ್ಯಾನವರೆಗೆ ಪಟಪಟನೆ ಹೆಸರು ಹೇಳಿದರು. ಎಲ್ಲಾ ಗಂಡಸರದೇ. ನಮ್ಮ ತಲೆಯಲ್ಲಿ ಇನ್ನೂ ಫೈಜ್ ಬಕ್ಷ್ ಇದ್ದಳು. ಕೇಳಿಯೇಬಿಟ್ಟೆವು: "ಹೆಣ್ಣಮಕ್ಕಳ ಹೆಸರು ಇಲ್ಲೇನ್ರೀ?"

ಹೆಳವರು ನಕ್ಕು ಒಳಗೆ ಕೈ ತೋರಿಸಿದರು. "ಅದನ್ನ ನಿಮ್ಮ ಆಯಿಗೇ ಕೇಳ್ರಿ."

ನಮಗೆ ನಾಚಿಕೆಯಾಯಿತು. ಲಿವರ್‌ಪೂಲ್‌ನ ಮನೆತನಕ್ಕಾಗಿ ಎಷ್ಟೋ ರಾತ್ರಿ ಮೊಬೈಲ್ ಹಿಡಿದು ಕೂತಿದ್ದೆವು. ಆಯಿಯ ಅವ್ವನ ಹೆಸರು ಮೂವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕೇಳಿದಾಗ ಆಯಿ ಜೋಳ ಹಸನು ಮಾಡುವುದನ್ನು ನಿಲ್ಲಿಸಿದರು. "ಈಗ್ಯಾಕ ಬೇಕಪಾ ಅದು?" ಎಂದರು. ಆಮೇಲೆ ಹೆಸರು ಹೇಳಿದರು, ತವರೂರು ಹೇಳಿದರು, ಬರದ ವರ್ಷ ಆ ಊರು ಬಿಟ್ಟದ್ದನ್ನೂ ಹೇಳಿದರು. ಅವರಿಗೆ ಈಗ ಎಂಬತ್ತು ದಾಟಿದೆ. ಅವರನ್ನು ಬಿಟ್ಟರೆ ಆ ಹೆಸರು ಗೊತ್ತಿದ್ದವರು ಮನೆಯಲ್ಲಿ ಯಾರೂ ಇರಲಿಲ್ಲ.

ಉಳಿದ ಇಬ್ಬರೂ ಅವತ್ತೇ ಸಂಜೆ ತಮ್ಮ ತಮ್ಮ ಮನೆಗೆ ಹೋಗಿ ಕೇಳಿದರು. ಒಬ್ಬನಿಗೆ ಉತ್ತರ ಸಿಕ್ಕಿತು. ಇನ್ನೊಬ್ಬನ ಆಯಿ ತೀರಿ ಎರಡು ವರ್ಷವಾಗಿತ್ತು. ನೋಟ್‌ಬುಕ್ಕಿನಲ್ಲಿ ಅವನ ಹಾಳೆ ಹಾಗೇ ಖಾಲಿ ಇದೆ.

ನಿಮ್ಮ ಮನೆಯಲ್ಲಿ ಆಯಿ ಇದ್ದರೆ, ಇದನ್ನು ಓದಿ ಮುಗಿಸಿದ ಮೇಲೆ ಮೊಬೈಲ್ ರೆಕಾರ್ಡಿಂಗ್ ಹಾಕಿ ಅವರ ಹತ್ತಿರ ಹೋಗಿ ಕೂತುಕೊಳ್ಳಿ.