ತಮ್ಮನ ಡಬ್ಬಿ ನಾಣ್ಯದರ್ಶಿನಿಗೆ ಹೋಗಿದ್ದು

ಹೋದ್ಸಲ ಅಟ್ಟ ಕ್ಲೀನ್ ಮಾಡಿದ ವಿಷ್ಯ ಬರ್ದಿದ್ದೆನಲ್ಲ, ಅದನ್ನ ಓದಿ ನಮ್ಮ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ಳು. "ಅಕ್ಕ, ನಿಮ್ಮನೇಲಿ ಒಂದು ಬಿಸ್ಕತ್ ಡಬ್ಬಿ ಇತ್ತಲ್ಲ, ಕ್ರಿಕೆಟ್ ಆಡೋರ ಫೋಟೋ ಎಲ್ಲ ತುಂಬ್ಕೊಂಡು, ಅದೇನಾಯ್ತು?" ಅಂತ. ಅದು ನಮ್ಮನೇದಲ್ಲ, ನನ್ನ ತಮ್ಮಂದು. ನನ್ನ ತಾವ ಹದಿನೈದು ವರ್ಷ ಇತ್ತು ಅಷ್ಟೆ. ಅದು ಬೆಂಗಳೂರಿಗೆ ಹೋಗಿ ಬಂದ ಕಥೆ ನಿಮ್ಗೆಲ್ಲ ಹೇಳಿಲ್ಲ, ಇವತ್ತು ಹೇಳ್ತೀನಿ.

ಚಾಂಪಿಯನ್ ರೀಫ್ ಲೈನು ಮನೇಲಿ ಇದ್ದಾಗ ಶುರುವಾಗಿದ್ದು. 1987ನೇ ಇಸ್ವಿ, ರಿಲಯನ್ಸ್ ಕಪ್ ನಡೀತಿತ್ತು. ನಾನು ಪಿಯುಸಿ, ಅವ್ನು ಇನ್ನೂ ಮಿಡ್ಲ್ ಸ್ಕೂಲು. ಬಿಗ್ ಫನ್ ಅಂತ ಒಂದು ಬಬಲ್ ಗಮ್ ಬರ್ತಿತ್ತು, ನಿಮಗೂ ಗ್ಯಾಪ್ಕ ಇರ್ಬೇಕು. ಅದರ ಜೊತೆ ಒಂದು ಕಾರ್ಡು. ಕಪಿಲ್ ದೇವ್, ಇಮ್ರಾನ್ ಖಾನ್, ರಿಚರ್ಡ್ಸ್, ಇಂಥೋರ ಫೋಟೋ. ಕಾರ್ಡಲ್ಲಿ ಇಷ್ಟು ರನ್ನು, ಇಷ್ಟು ವಿಕೆಟ್ಟು ಅಂತ ಬರ್ದಿರೋದು. ಅವನ್ನ ಕೂಡಿಸ್ಕೊಂಡು ಲೆಕ್ಕಕ್ಕೆ ಸರಿಯಾದ್ರೆ ಅಂಗಡೀಲಿ ಒಂದು ಪುಟಾಣಿ ಪುಸ್ತಕ ಕೊಡೋರು. ಹಾಳೆನ ಹೆಬ್ಬೆಟ್ಟಲ್ಲಿ ಪಟಪಟ ಬಿಟ್ರೆ ಒಳಗಿರೋ ಆಟಗಾರ ಓಡೋಡಿ ಬಂದು ಬಾಲ್ ಹಾಕೋ ಅಂಗೆ ಕಾಣೋದು. ಸಿನಿಮಾ ತರ.

ಆ ಪುಸ್ತಕಕ್ಕೋಸ್ಕರ ಲೈನಿನ ಹುಡುಗ್ರೆಲ್ಲ ಹುಚ್ಚರಾಗಿದ್ರು. ಸೈನೈಡ್ ಗುಡ್ಡದ ಪಕ್ಕ ಆಡೋಕೆ ಹೋಗೋರು, ಆಟಕ್ಕಿಂತ ಕಾರ್ಡು ಬದ್ಲಾಯಿಸ್ಕೊಳ್ಳೋದೇ ಜಾಸ್ತಿ. ಅಕ್ಟೋಬರ್ 14ಕ್ಕೆ ಬೆಂಗಳೂರಲ್ಲಿ ನ್ಯೂಜಿಲೆಂಡ್ ಮೇಲೆ 16 ರನ್ನಲ್ಲಿ ಗೆದ್ದ ದಿನ ಟೀವಿ ಇರೋರ ಮನೆ ಕಿಟಕಿಗೆಲ್ಲ ಜನ ನೇತಾಡ್ತಿದ್ರು. ಸೆಮಿಫೈನಲ್ಲಲ್ಲಿ ಇಂಗ್ಲೆಂಡಿನ ಗೂಚ್ ಸ್ವೀಪ್ ಹೊಡ್ದು ಹೊಡ್ದು ಸೋಲಿಸಿದ ದಿನ ನಮ್ಮವ್ನು ಊಟ ಮಾಡ್ಲಿಲ್ಲ. ಎಲ್ರೂ ರನ್ ಕೂಡ್ಸಿ ಕಾರ್ಡ್ ಕೊಟ್ಟು ಪುಸ್ತಕ ತಗೊಂಡ್ರೆ ಇವ್ನು ಕೊಡ್ಲೇ ಇಲ್ಲ. "ಕೊಟ್ರೆ ಕಾರ್ಡ್ ಹೋಗ್ತದಲ್ಲ" ಅನ್ನೋನು. ಅಂಗಾಗಿ ಪುಸ್ತಕ ಅವ್ನಿಗೆ ಒಂದೂ ಸಿಗ್ಲಿಲ್ಲ, ಕಾರ್ಡು ಮಾತ್ರ ಡಬ್ಬಿ ತುಂಬಾ ಉಳೀತು. ಅದ್ರಲ್ಲೇ 1982ರ ಏಷ್ಯನ್ ಗೇಮ್ಸಿನ ಎರಡು ರೂಪಾಯಿ ನಾಣ್ಯನೂ ಒಂದು ಹಾಕಿಟ್ಟಿದ್ದ.

ಅಪ್ಪ ಅಂಡರ್‌ಗ್ರೌಂಡ್ ಕೆಲಸ. ಚಾಂಪಿಯನ್ ರೀಫಲ್ಲಿ ಮೂರು ಕಿಲೋಮೀಟರಿಗಿಂತ ಆಳ, ಬಿಸಿಗೆ ಬೆವ್ರು ಸುರಿಯೋದಂತೆ. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿದ್ರಲ್ಲ, ಆಮೇಲೆ ನಮ್ಮ ಎಷ್ಟೋ ಮನೆಗಳ ಗಂಡಸ್ರು ಬೆಳಗಾಗೋಕೆ ಮುಂಚೆ ಮಾರಿಕುಪ್ಪಂ ಟ್ರೇನು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗೋಂಗಾಯ್ತು. ನನ್ನ ತಮ್ಮನೂ ಅದೇ. ಹೋಗೋವಾಗ ಕತ್ತಲೆ, ಬರೋವಾಗ ಕತ್ತಲೆ. ಮಾತೇ ಕಮ್ಮಿ ಆಗೋಯ್ತು ಅವ್ನಿಗೆ. ಅಪ್ಪ ಹೋದ ಮೇಲೆ ಮನೆ ಬದ್ಲಾಯಿಸೋವಾಗ ಡಬ್ಬಿ ತಂದು ನನ್ನ ಬಂಗಾರಪೇಟೆ ಮನೆ ಅಟ್ಟದ ಮೇಲಿಟ್ಟ.

ಕೊರೋನಾ ಬರೋಕೆ ಒಂದೆರಡು ವರ್ಷ ಮುಂಚೆ ಅವ್ನ ಮಗಳಿಗೆ ಕಾಲೇಜು ಫೀಜು ಕಟ್ಬೇಕಾಗಿತ್ತು. ಅದೇ ಟೈಮಿಗೆ ವಾಟ್ಸಾಪಲ್ಲಿ ವೈಷ್ಣೋದೇವಿ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ ಅಂತ ಓಡಾಡ್ತಿತ್ತು ನೋಡಿ, ಹಳೇ ಎರಡು ರೂಪಾಯಿ ಇದ್ರೆ ನೀವೇ ಕೋಟ್ಯಾಧೀಶ್ರು ಅಂತ. (ಅದೆಲ್ಲ ಮೋಸ ಕಣ್ರಮ್ಮ. ಹಳೇ ನಾಣ್ಯ ಕೊಳ್ತೀವಿ, ಮೊದ್ಲು ಕಮಿಷನ್ ಕಟ್ಟಿ ಅನ್ನೋರನ್ನ ನಂಬ್ಬೇಡಿ ಅಂತ 2021ರಲ್ಲಿ ರಿಸರ್ವ್ ಬ್ಯಾಂಕೇ ಹೇಳೈತೆ.) ಒಂದು ಭಾನುವಾರ ತಮ್ಮ ಬಂದು, "ಅಕ್ಕ, ಆ ಡಬ್ಬಿ ಇಳ್ಸು, ಬೆಂಗಳೂರಲ್ಲಿ ನಾಣ್ಯದರ್ಶಿನಿ ಅಂತ ನಡೀತೈತಂತೆ, ತೋರಿಸ್ಕೊಂಡು ಬರಾನ" ಅಂದ. ಒಬ್ನೇ ಹೋಗೋಕೆ ಅವ್ನಿಗೆ ಸಂಕೋಚ. ನಾನು ಪುಳಿಯೋಗರೆ ಕಟ್ಕೊಂಡು ಹೊರಟೆ.

ನಾಣ್ಯದರ್ಶಿನಿ ಅಂದ್ರೆ ಬೆಂಗಳೂರಲ್ಲಿ ನಾಣ್ಯ ಸಂಗ್ರಹ ಮಾಡೋರ ಸಂಘದೋರು ನಡೆಸೋ ಮೇಳ. ಕೆಂಪೇಗೌಡ ರಸ್ತೇಲಿ ಮೈಸೂರು ಬ್ಯಾಂಕ್ ಸರ್ಕಲ್ ಹತ್ರ ಶಿಕ್ಷಕರ ಸದನ ಐತಲ್ಲ, ಅಲ್ಲಿ. ಸಿಟಿ ಸ್ಟೇಷನ್ನಲ್ಲಿ ಇಳಿದು ಮೆಜೆಸ್ಟಿಕ್ ದಾಟ್ಕೊಂಡು ನಡ್ಕೊಂಡೇ ಹೋದ್ವಿ. ನಾನು ಏನೋ ವಸ್ತುಪ್ರದರ್ಶನ, ಗಾಜಿನ ಪೆಟ್ಟಿಗೆ, ಮುಟ್ಬೇಡಿ ಅಂತ ಬೋರ್ಡು ಅಂದ್ಕೊಂಡಿದ್ದೆ. ಒಳಗೆ ಕಾಲಿಟ್ರೆ ಸಂತೆ! ಮೇಜಿಗೆ ಮೇಜು ತಾಗಿಸಿ ಹಾಕವ್ರೆ, ಒಬ್ಬೊಬ್ಬ ವ್ಯಾಪಾರಿ ಮುಂದೂ ಹತ್ತು ತಲೆ ಬಗ್ಗೈತೆ, ಎಲ್ರ ಕೈಲೂ ಭೂತಗನ್ನಡಿ. ನಮ್ಮ ಬಂಗಾರಪೇಟೆ ಪಾನಿಪುರಿ ಗಾಡಿ ಮುಂದೆ ನಿಂತಂಗೆ ಕೈ ಚಾಚ್ಕೊಂಡು ನಿಂತವ್ರೆ. ಹೆಂಗಸ್ರು ಎಷ್ಟಿದ್ದಾರೆ ಅಂತ ಎಣಿಸಿದೆ, ಎರಡು ಕೈ ಬೆರಳೊಳಗೆ ಮುಗೀತು.

ಮೈಸೂರು ಅರಸರ ಆನೆ ಕಾಸು ಗುಡ್ಡೆ ಗುಡ್ಡೆ ಇತ್ತು. ಹಳೇ ಕಾಲದ ಚಿನ್ನದ ಹಣ ಅಂತ ಒಂದು ತೋರಿಸಿದ್ರು, ನಂಬ್ತೀರೋ ಇಲ್ವೋ, ತೊಗರಿಬೇಳೆಯಷ್ಟು ಐತೆ. ಜೋರಾಗಿ ಸೀನಿದ್ರೆ ಹಾರೋಗ್ತದೆ. ಅದನ್ನ ನೋಡಿ ಅಪ್ಪ ನೆನಪಾದ. ಜೀವಮಾನ ಪೂರ್ತಿ ಚಿನ್ನದ ಗಣೀಲಿ ದುಡಿದೋನು ಒಳಗೆ ಚಿನ್ನ ಅಂತ ಕಣ್ಣಾರೆ ಕಂಡಿದ್ದೇ ಕಮ್ಮಿ, ಬರೀ ಕಲ್ಲು ಅನ್ನೋನು. ಕಲ್ಲು ಪುಡಿ ಮಾಡಿ ತೆಗೆದ ಮೇಲೆ ತಾನೆ ಅದು ಚಿನ್ನ.

ಮೊದ್ಲು ಎರಡು ರೂಪಾಯಿ ತೋರಿಸಿದ್ವಿ. ವ್ಯಾಪಾರಿ ಕೈಗೆ ತಗೊಂಡು ಒಂದ್ಸಲ ತಿರುವಿ ನೋಡಿ, "ಹುಣಸೆಹಣ್ಣು ಹಾಕಿ ತಿಕ್ಕಿದ್ದೀರಾ?" ಅಂದ. ನಮಗೆ ಆಶ್ಚರ್ಯ. ಅಮ್ಮ ಪ್ರತೀ ಹಬ್ಬಕ್ಕೂ ದೇವರ ಸಾಮಾನಿನ ಜೊತೆ ಅದನ್ನೂ ತಿಕ್ಕೋಳು. ತಿಕ್ಕಿದ ನಾಣ್ಯದ ಮೇಲೆ ಸಣ್ಣ ಸಣ್ಣ ಗೀರು ಬೀಳ್ತದಂತೆ, ಭೂತಗನ್ನಡೀಲಿ ಕಾಣ್ತದಂತೆ, ಸಂಗ್ರಹ ಮಾಡೋರು ಅಂಥದ್ದನ್ನ ಇಷ್ಟಪಡಲ್ವಂತೆ. ಹಳೇದು ಹಳೇದಾಗೇ ಕಾಣ್ಬೇಕು. "ತಿಕ್ಕದೇ ಇದ್ರೂ ದೊಡ್ಡ ದುಡ್ಡೇನಿಲ್ಲಮ್ಮ, ಇದು ಬೇಕಾದಷ್ಟು ಐತೆ, ಜೋಪಾನವಾಗಿ ಇಟ್ಕೊಳಿ" ಅಂದು ವಾಪಸ್ ಕೊಟ್ಟ. ಒಳ್ಳೇ ಮನುಷ್ಯ, ಸುಮ್ನೆ ಆಸೆ ಹುಟ್ಟಿಸ್ಲಿಲ್ಲ. ತಮ್ಮನ ಮುಖ ಅಲ್ಲೇ ಇಳಿದೋಯ್ತು. ಟ್ರೇನಲ್ಲಿ ಬರೋವಾಗ ಮನಸ್ಸಲ್ಲೇ ಫೀಜು ಕಟ್ಟಿಬಿಟ್ಟಿದ್ದ ಅಂತ ಕಾಣ್ತದೆ.

ಕಾರ್ಡು ತೋರಿಸೋದೇ ಬೇಡ ಅಂದ. ನಾನೇ, "ಇಷ್ಟು ದೂರ ಹೊತ್ಕೊಂಡು ಬಂದಿದ್ದೀವಿ, ತೆಗಿಯೋ" ಅಂದೆ. ಗೋಡೆ ಪಕ್ಕ ಅಂಚೆ ಚೀಟಿ, ಬೆಂಕಿಪೊಟ್ಟಣದ ಲೇಬಲ್ಲು, ಹಳೇ ಕಾಗದ ಎಲ್ಲ ಮಾರೋರು ಒಬ್ಬರು ಕೂತಿದ್ರು. ಅವ್ರ ಮೇಜಿನ ಮೂಲೇಲಿ ಡಬ್ಬಿ ಮುಚ್ಚಳ ತೆಗೆದ. ಆ ಹಳೇ ವಾಸನೆ ಬಂತು, ಆ ಗಮ್ಮಿನ ಸಿಹಿ ವಾಸನೆ ಇನ್ನೂ ಇತ್ತು ಅಂತ ಅವ್ನು ಹೇಳ್ತಾನೆ, ನಂಗೆ ಬಂದಿದ್ದು ತುಕ್ಕಿನ ವಾಸನೆ. ಪಕ್ಕದಲ್ಲಿ ಸ್ಟಾಂಪು ನೋಡ್ತಿದ್ದ ಒಬ್ರು ತಿರುಗಿ, "ಅಯ್ಯೋ, ಬಿಗ್ ಫನ್ನು!" ಅಂತ ಕೂಗೇಬಿಟ್ರು. ಅಷ್ಟೇ. ನಲವತ್ತು ಐವತ್ತು ವಯಸ್ಸಿನ ಆರೇಳು ಗಂಡಸ್ರು, ಹೊಟ್ಟೆ ಬಂದಿರೋರು, ತಲೆ ಬೋಳಾಗಿರೋರು, ಎಲ್ಲ ಬಂದು ಮುತ್ಕೊಂಡ್ರು. ಒಬ್ರು ರನ್ ಕೂಡ್ಸೋಕೆ ಶುರು ಮಾಡಿದ್ರು. ನನ್ನ ತಮ್ಮ, ಆ ಮಾತಾಡದ ತಮ್ಮ, ಯಾವ ಕಾರ್ಡು ಯಾರ ತಾವ ಯಾವುದಕ್ಕೆ ಬದ್ಲಾಯಿಸ್ಕೊಂಡೆ ಅಂತ ಒಂದೊಂದಾಗಿ ಹೇಳ್ತಾ ನಿಂತ. ಮೂವತ್ತು ವರ್ಷ ಆಗಿತ್ತು, ಒಂದೂ ಮರೆತಿಲ್ಲ.

ನಂಗೆ ಕೂರೋಕೆ ಒಂದು ಕುರ್ಚಿ ಕೊಟ್ರು. ನಾನು ಸುಮ್ನೆ ಇರೋಳಾ, ಬಂದೋರನ್ನೆಲ್ಲ ಕೇಳಿದೆ, ನೀವು ಮೊದಲ್ನೇ ಸಲ ಇಂಥ ಮೇಳಕ್ಕೆ ಬಂದಿದ್ದು ಯಾವಾಗ ಅಂತ. ಹಾಸನದ ಕಡೆಯೋರು ಒಬ್ರು, ಸ್ಕೂಲ್ ಹುಡುಗ ಆಗಿದ್ದಾಗ ಸೋದರಮಾವ ಕರ್ಕೊಂಡು ಬಂದಿದ್ರಂತೆ. ಊರಿಗೆ ಬಸ್ ಚಾರ್ಜು ಅಂತ ಕೊಟ್ಟಿದ್ದ ದುಡ್ಡಲ್ಲಿ ಸ್ಟಾಂಪು ತಗೊಂಡು, ಮಾವನ ಕೈಲಿ ಬೈಸ್ಕೊಂಡು ಹೋದ್ರಂತೆ. ಇವ್ರದ್ದೂ ಬಿಗ್ ಫನ್ ಕಾರ್ಡು ಒಂದು ಚೀಲ ಇತ್ತಂತೆ, ಅವ್ರು ಹಾಸ್ಟೆಲ್ಲಲ್ಲಿ ಇದ್ದಾಗ ಮನೇಲಿ ಅಮ್ಮ ಬಚ್ಚಲ ಒಲೆಗೆ ಹಾಕಿ ನೀರು ಕಾಯಿಸಿಬಿಟ್ರಂತೆ. ಹೇಳೋವಾಗ ನಗ್ತಾನೇ ಹೇಳಿದ್ರು, ಆದ್ರೂ ನನ್ನ ಮುಖ ನೋಡಿ ಹೇಳಿದ್ರು, ನಾನೇ ಅವ್ರಮ್ಮ ಏನೋ ಅನ್ನೋಂಗೆ.

ಇನ್ನೊಬ್ರು ವಯಸ್ಸಾದೋರು. ಮೊದಲ್ನೇ ಮೇಳದಲ್ಲಿ ಅವ್ರು ಹುಡುಕ್ಕೊಂಡು ಹೋಗಿದ್ದು 1971ರ ಕ್ರಿಕೆಟ್ ಗೆಲುವಿನ ಸ್ಟಾಂಪು, 20 ಪೈಸೇದು. ಆ ವರ್ಷ ವಾಡೇಕರ್ ಟೀಮು ವೆಸ್ಟ್ ಇಂಡೀಸಲ್ಲೂ ಇಂಗ್ಲೆಂಡಲ್ಲೂ ಗೆದ್ದು ಬಂತಲ್ಲ, ಅದಕ್ಕೆ ಸರ್ಕಾರ ಹಾಕಿದ ಸ್ಟಾಂಪು. ಓವಲ್ ಮೈದಾನದಲ್ಲಿ ನಮ್ಮ ಚಂದ್ರಶೇಖರ್ 38 ರನ್ನಿಗೆ ಆರು ವಿಕೆಟ್ ತೆಗೆದಿದ್ದನ್ನ ರೇಡಿಯೋದಲ್ಲಿ ಕೇಳಿದ್ರಂತೆ. "ಮೇಜಿನ ಮೇಲೆ ಆ ಸ್ಟಾಂಪ್ ಕಂಡಾಗ ಕೈ ನಡುಗ್ತಮ್ಮ, ಕೊಳ್ಳೋದಕ್ಕಿಂತ ಮುಂಚೆ ಅರ್ಧ ಗಂಟೆ ಮೇಜಿನ ಸುತ್ತಾನೇ ತಿರುಗಿದೆ" ಅಂದ್ರು. ಹತ್ತು ಪವನ್ ಸರ ಕೊಳ್ಳೋಕೆ ಹೋದಾಗಲೂ ನಾವು ಅಷ್ಟು ತಿರುಗಲ್ಲ ಅಂತ ಅಂದ್ಕೊಂಡೆ.

ಆ ಕಾಗದದ ಮೇಜಿನವ್ರು ಪ್ಲಾಸ್ಟಿಕ್ ಹಾಳೆ ಒಳಗಿಂದ ಒಂದು ಹಳೇ ಸಿಗರೇಟ್ ಕಾರ್ಡ್ ತೆಗೆದು ತೋರಿಸಿದ್ರು, ಇಂಗ್ಲೆಂಡಿನ ಪ್ಲೇಯರ್ಸ್ ಕಂಪನಿದು, 1938ರದ್ದು. ಸಿಗರೇಟ್ ಪ್ಯಾಕು ಮುದುರದೇ ಇರ್ಲಿ ಅಂತ ಮೊದ್ಲು ಬರೀ ರಟ್ಟು ಇಡ್ತಿದ್ರಂತೆ, ಆಮೇಲೆ ಅದ್ರ ಮೇಲೆ ಚಿತ್ರ ಹಾಕಿ ಜನಕ್ಕೆ ರುಚಿ ಹತ್ತಿಸಿದ್ರು. ಕ್ರಿಕೆಟ್ ಆಡೋರ ಕಾರ್ಡನ್ನ ವಿಲ್ಸ್ ಕಂಪನಿ 1896ರಲ್ಲೇ ಹಾಕಿತ್ತಂತೆ. ಸಿಗರೇಟಿಂದ ಬಬಲ್ ಗಮ್ಮಿಗೆ ಬಂತು ನೋಡಿ, ಅಪ್ಪನ ಜೇಬಿಂದ ಮಗನ ಜೇಬಿಗೆ.

ಅಮೇರಿಕಾದಲ್ಲಿ ಇದೇ ಕಾರ್ಡಿಗೆ ಅಂತಾನೇ ದೊಡ್ಡ ಜಾತ್ರೆ ನಡೀತದಂತೆ, 1980ರಲ್ಲಿ ಲಾಸ್ ಏಂಜಲೀಸಲ್ಲಿ ಶುರುವಾಗಿದ್ದು ಈಗ್ಲೂ ವರ್ಷ ವರ್ಷ ಐತೆ. ಅಲ್ಲಿ 1952ರ ಒಂದು ಬೇಸ್‌ಬಾಲ್ ಕಾರ್ಡು, ಮಿಕಿ ಮ್ಯಾಂಟಲ್ ಅನ್ನೋ ಆಟಗಾರಂದು, 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯ್ತು. ನಮ್ಮ ದುಡ್ಡಲ್ಲಿ ನೂರು ಕೋಟಿ. ಆ ವರ್ಷ ಮಾರದೆ ಉಳಿದ ಕಾರ್ಡನ್ನ ಕಂಪನಿಯೋರೇ ದೋಣೀಲಿ ತುಂಬಿ ಸಮುದ್ರಕ್ಕೆ ಸುರಿದು ಬಂದ್ರಂತೆ. ಹಾಸನದ ಆ ತಾಯಿನ ಮಾತ್ರ ಬೈದು ಏನು ಪ್ರಯೋಜನ ಹೇಳಿ.

ಸರಿ, ನಮ್ಮ ಡಬ್ಬಿಗೆ ಏನು ಸಿಕ್ತು? ಹಾಸನದೋರು ಪೂರ್ತಿ ಡಬ್ಬಿಗೆ ಮೂರು ಸಾವಿರ ಕೊಡ್ತೀನಿ ಅಂದ್ರು. ಮೋಸದ ಬೆಲೆ ಅಲ್ಲ, ಮೇಜಿನವ್ರೂ ನ್ಯಾಯವಾಗೈತೆ ಅಂದ್ರು. ತಮ್ಮ ನನ್ನ ಮುಖ ನೋಡಿದ. ನಾನು ಬಾಯಿ ಬಿಡ್ಲಿಲ್ಲ, ಅದು ಅವ್ನ ಸಾಮಾನು. ಮೂರು ಸಾವಿರ ಅಂದ್ರೆ ಫೀಜಿನಲ್ಲಿ ಒಂದು ಮೂಲೆಗೂ ಆಗಲ್ಲ, ಆದ್ರೂ ಮೂರು ಸಾವಿರ ಮೂರು ಸಾವಿರನೇ, ಒಂದು ತಿಂಗಳ ರೇಷನ್ನು. ಅವ್ನು ಸ್ವಲ್ಪ ಹೊತ್ತು ಕಾರ್ಡೆಲ್ಲ ಜೋಡಿಸ್ತಾ ಕೂತ. ಎರಡೆರಡು ಇದ್ದಿದ್ದನ್ನೆಲ್ಲ ಬೇರೆ ತೆಗೆದು ಎಂಟು ನೂರಕ್ಕೆ ಕೊಟ್ಟ. ಒಂಟಿ ಇದ್ದಿದ್ದನ್ನ ಡಬ್ಬಿಗೆ ವಾಪಸ್ ಹಾಕ್ಕೊಂಡ. ಹಾಸನದೋರು ದುಡ್ಡಿನ ಜೊತೆ ತಮ್ಮ ಚೀಲದಿಂದ ಒಂದು ಪುಟಾಣಿ ಪುಸ್ತಕ ತೆಗೆದು ಅವ್ನ ಕೈಲಿಟ್ರು. ಹಾಳೆ ತಿರುವಿದ್ರೆ ಓಡಿ ಬರೋ ಆ ಪುಸ್ತಕ. ನಿಂತಲ್ಲೇ ನಾಕೈದು ಸಲ ಪಟಪಟ ಬಿಟ್ಟು ನೋಡಿದ.

ಮನೆಗೆ ಹೋದ ಮೇಲೆ ಜಗಳ ಆಯ್ತು, ಅದನ್ನ ಮುಚ್ಚಿಡಲ್ಲ. ಅವ್ನ ಹೆಂಡ್ತಿ, "ಎಷ್ಟು ಲಕ್ಷ ತಂದ್ರಿ?" ಅಂದ್ಳು. ಮೂರು ಸಾವಿರ ಬಿಟ್ಟು ಎಂಟು ನೂರು ತಂದವ್ನೆ ಅಂತ ಗೊತ್ತಾದ ಮೇಲೆ ಎರಡು ದಿನ ಅವ್ನ ಹತ್ರ ಮಾತಿಲ್ಲ. ನಂಗೆ ಫೋನ್ ಮಾಡಿ, "ಅಕ್ಕ, ನೀವಾದ್ರೂ ಹೇಳ್ಬಾರ್ದಾ" ಅಂದ್ಳು. ಅವಳ ಸಿಟ್ಟು ನ್ಯಾಯವಾದ್ದೇ. ತಿಂಗಳ ಕೊನೇಲಿ ಬೇಳೆ ಡಬ್ಬಿ ತಳ ಕೆರೆಯೋಳು ಅವಳು ತಾನೆ. ಫೀಜು ಕೊನೆಗೆ ಕಟ್ಟಿದ್ದೂ ಅವಳ ಚೀಟಿ ದುಡ್ಡಲ್ಲೇ, ಕೂಗಿ ಎತ್ತಿದ್ಳು, ನಷ್ಟಕ್ಕೆ. ಆದ್ರೆ ತಮ್ಮ ಮಾಡಿದ್ದು ತಪ್ಪು ಅಂತ ಹೇಳೋಕೂ ನನ್ನ ಬಾಯಿ ಬರ್ಲಿಲ್ಲ. ಟ್ರೇನಲ್ಲಿ ವಾಪಸ್ ಬರೋವಾಗ ಬಂಗಾರಪೇಟೆ ಬರೋವರ್ಗೂ ಅವ್ನು ಮಾತಾಡಿದ್ದನ್ನ ನಾನು ಕೇಳಿಸ್ಕೊಂಡಿದ್ದೆ, ಅವಳು ಕೇಳಿಸ್ಕೊಂಡಿರ್ಲಿಲ್ಲ.

ನಿಮ್ಮ ಅಟ್ಟದಲ್ಲೂ ಇಂಥದ್ದು ಇದ್ರೆ, ಅಲ್ಲಿ ಕೇಳ್ಕೊಂಡು ಬಂದಿದ್ದು ಹೇಳ್ತೀನಿ. ನಾಣ್ಯನ ಹುಣಸೆಹಣ್ಣು, ಬೂದಿ, ಪೀತಾಂಬರಿ ಯಾವುದರಲ್ಲೂ ತಿಕ್ಬೇಡಿ. ಅಂಚಲ್ಲಿ ಹಿಡ್ಕೊಳಿ, ಬೆರಳಿನ ಬೆವ್ರು ಮುಖಕ್ಕೆ ತಾಗ್ಬಾರ್ದು. ಕಾರ್ಡು ಸ್ಟಾಂಪಿಗೆ ಗೋಂದು ಹಾಕಿ ಪುಸ್ತಕಕ್ಕೆ ಅಂಟಿಸ್ಬೇಡಿ, ಲ್ಯಾಮಿನೇಷನ್ನಂತೂ ಬೇಡವೇ ಬೇಡ. ರಬ್ಬರ್ ಬ್ಯಾಂಡ್ ಹಾಕಿದ್ರೆ ಬೇಸಿಗೇಲಿ ಕರಗಿ ಅಂಟ್ಕೊಳ್ತದೆ. ತೇವ ಇಲ್ಲದ ಕಡೆ ಇಡಿ. ಅಡುಗೆ ಮನೆ ಅಟ್ಟ ಒಳ್ಳೇದಲ್ಲ, ಆವಿ ಏರ್ತದೆ.

ಡಬ್ಬಿ ಈಗ ನನ್ನ ತಾವ ಇಲ್ಲ, ಅವ್ನ ಮನೆ ಬೀರು ಮೇಲೈತೆ. ಹೋದ ತಿಂಗಳು ಹೋಗಿದ್ದಾಗ ಕೆಲಸದ ಹುಡುಗಿ ಒದ್ದೆ ಬಟ್ಟೇಲಿ ಬೀರು ಒರೆಸೋಕೆ ಬಂದ್ಲು. ಒಳಗಿಂದ ತಮ್ಮನ ಹೆಂಡ್ತಿ ಕೂಗಿದ್ಳು, "ಏಯ್, ಆ ಡಬ್ಬಿಗೆ ನೀರು ತಾಗಿಸ್ಬೇಡ್ವೇ, ಅದ್ರಲ್ಲಿ ಇಮ್ರಾನ್ ಖಾನ್ ಅವ್ನೆ!"