ನಮ್ಮ ಸೀಮೆಯ ಪೆಟ್ಟಿಗೆ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಹಳ್ಳಿಗಳಲ್ಲಿ ನಾಟಕದ ಮಾತು ಬಂದಾಗ ‘ಪೆಟ್ಟಿಗೆ’ ಎಂದರೆ ಹಾರ್ಮೋನಿಯಂ. ಅದನ್ನು ನುಡಿಸುವವರು ‘ಮೇಷ್ಟರು’. ಸುಗ್ಗಿ ಕಳೆದು ಊರವರು ಕುರುಕ್ಷೇತ್ರವನ್ನು ಆಡಬೇಕೆಂದು ನಿಶ್ಚಯಿಸಿದರೆ ಮೊದಲು ಗೊತ್ತುಮಾಡುವುದು ಮೇಷ್ಟರನ್ನು. ಭೀಮ ದುರ್ಯೋಧನರು ಯಾರೆಂಬುದು ಆಮೇಲಿನ ಮಾತು. ಆಂಧ್ರದ ಗಡಿಗೆ ಸೇರಿದ ಪಾವಗಡದ ಕಡೆ ಪದ್ಯಗಳು ತೆಲುಗಿನಲ್ಲಿಯೂ ಕೇಳಿಬರುವುದುಂಟು. ಪೆಟ್ಟಿಗೆ ಮಾತ್ರ ಅದೇ.

ಈ ಪೆಟ್ಟಿಗೆಯ ಮನೆಗಳ ಸಾಲು ಪಿಯಾನೋವಿನದೇ. ಸುಮಾರು 1700ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಎಂಬಾತನು, ಬೆರಳು ಒತ್ತಿದೊಡನೆ ಪುಟ್ಟ ಸುತ್ತಿಗೆಯೊಂದು ತಂತಿಯನ್ನು ಹೊಡೆದು ಹಿಂದಕ್ಕೆ ಬೀಳುವಂತೆ ಯಂತ್ರವನ್ನು ಹೂಡಿದನು. ಮೆಲ್ಲಗೆ ಒತ್ತಿದರೆ ಮೆಲ್ಲನೆಯ ನಾದ, ಬಲವಾಗಿ ಒತ್ತಿದರೆ ಬಲವಾದ ನಾದ. ಪಿಯಾನೋ ಎಂಬ ಹೆಸರೇ ಇದರಿಂದ ಬಂದಿತು. ಮೈಸೂರಿನ ಜಯಚಾಮರಾಜ ಒಡೆಯರು ಅದನ್ನು ಶ್ರದ್ಧೆಯಿಂದ ಅಭ್ಯಸಿಸಿದವರು. ಆದರೆ ಅರಮನೆಗೆ ಒಪ್ಪುವ ಆ ಭಾರದ ವಾದ್ಯವನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಊರೂರು ತಿರುಗುವವರಾರು?

ನಮ್ಮ ಪೆಟ್ಟಿಗೆಯಲ್ಲಿ ತಂತಿಯಿಲ್ಲ. ಒಂದು ತುದಿ ಬಿಗಿದ ಹಿತ್ತಾಳೆಯ ನಾಲಿಗೆಗಳಿವೆ, ಇವೇ ರೀಡುಗಳು. ತಿದಿಯ ಗಾಳಿ ನುಗ್ಗಿದರೆ ಅವು ಮಿಡಿಯುವುವು. ಈ ನಾಲಿಗೆಯ ತತ್ತ್ವ ಚೀನರ ಷೆಂಗ್ ವಾದ್ಯದಲ್ಲಿ ಬಹು ಪುರಾತನವಾದುದು. ಪ್ಯಾರಿಸಿನ ಅಲೆಕ್ಸಾಂದ್ರ್ ದೆಬೇನ್ 1842ರಲ್ಲಿ ಹಾರ್ಮೋನಿಯಂ ಎಂಬ ಹೆಸರಿನಿಂದ ಹಕ್ಕುಪತ್ರ ಪಡೆದನು. ಆತನದು ಕಾಲಿನಿಂದ ತಿದಿಯೊತ್ತುವ ಬಗೆ. ಕಲ್ಕತ್ತೆಯ ದ್ವಾರಕಾನಾಥ ಘೋಷರು 1880ರ ದಶಕದಲ್ಲಿ ನೆಲದ ಮೇಲೆ ಕುಳಿತು ಕೈಯಿಂದ ತಿದಿಯೊತ್ತುವ ಬಗೆಯನ್ನು ಬಳಕೆಗೆ ತಂದರು. ಆದರೂ ನಾಟಕದ ಮೇಷ್ಟರು ಕಾಲುಪೆಟ್ಟಿಗೆಯನ್ನು ಬಿಡಲಿಲ್ಲ. ಎರಡು ಕೈಯೂ ಬಿಡುವಾಗಿದ್ದರೆ ಭೀಮನ ಅಬ್ಬರಕ್ಕೆ ಸರಿಗಟ್ಟಬಹುದಲ್ಲವೆ?

ನಾವು ಚಿಕ್ಕವರಾಗಿದ್ದಾಗ ಮಧುಗಿರಿಯ ಸಮೀಪದ ನಮ್ಮೂರಿನಲ್ಲಿ ನಡೆದುದನ್ನು ಹೇಳಬೇಕು. ಕೃಷ್ಣನ ಪಾತ್ರಕ್ಕೆ ಹಣ ತೆತ್ತಿದ್ದಾತನು ನಮ್ಮ ನೆರೆಯ ರೈತ. ಆ ವರ್ಷದ ಕಡಲೆಕಾಯಿಯ ದುಡ್ಡಿನಲ್ಲಿ ಬಹುಪಾಲು ಅದಕ್ಕೇ ಹೋಗಿತ್ತು. ಮೂರು ತಿಂಗಳು ಒಂದನೆಯ ಮನೆಯ ಶ್ರುತಿಯಲ್ಲಿ ಕಲಿತಿದ್ದನು. ಪರದೆ ಏಳುವ ಹೊತ್ತಿಗೆ ಪೆಟ್ಟಿಗೆಯ ಐದನೆಯ ಮನೆ ಮೂಕವಾಯಿತು. ಆತನ ಪಂಚಮವೇ ಅದು! ಬಿಚ್ಚಿ ನೋಡಲು ವೇಳೆಯಿರಲಿಲ್ಲ. ಮೇಷ್ಟರು ಕ್ಷಣಕಾಲ ಸುಮ್ಮನಿದ್ದು, “ಅಪ್ಪಾ, ಒಂದೂವರೆಗೆ ಏರಿಸುತ್ತೇನೆ, ತಾಳಿಕೋ” ಎಂದರು. ಪ್ರವೇಶದ ಪದ್ಯ ಮೋಹನದಲ್ಲಿ. ಶ್ರುತಿ ಅರ್ಧ ಮನೆ ಏರಿದರೆ ಆ ರಾಗಕ್ಕೆ ಮೂಕವಾದ ಮನೆಯ ಗೊಡವೆಯೇ ಇಲ್ಲ. ತಾರಷಡ್ಜದಲ್ಲಿ ಆತನ ಕೊರಳಿನ ನರಗಳು ಉಬ್ಬಿದುದು ನಮಗೆ ಕಂಡಿತು, ಸ್ವರ ಮುರಿಯಲಿಲ್ಲ.

ಅಂದು ನಮ್ಮ ಮಾನ ಉಳಿಸಿದ ಗುಣವೇ ಪಂಡಿತರ ಕಣ್ಣಿಗೆ ಈ ವಾದ್ಯದ ದೋಷ. ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿರುವುದರಿಂದ ಯಾವ ಮನೆಯನ್ನಾದರೂ ಷಡ್ಜ ಮಾಡಿಕೊಳ್ಳಬಹುದು; ಆದರೆ ಅಂತರಗಾಂಧಾರವು ತಂಬೂರಿಯಿಂದ ಹೊಮ್ಮುವ ಗಾಂಧಾರಕ್ಕಿಂತ ಒಂದು ಎಳೆ ಮೇಲಾಗಿ ನಿಲ್ಲುತ್ತದೆ. ತೋಡಿಯ ಗಮಕವಂತೂ ಇದರ ಕೈಗೆ ಎಟುಕದು. ಇಂತಹ ಆಕ್ಷೇಪಗಳಿಂದಲೇ 1940ರಲ್ಲಿ ಆಕಾಶವಾಣಿ ಇದನ್ನು ಹೊರಗಿಟ್ಟು, 1971ರವರೆಗೆ ಬಾಗಿಲು ತೆರೆಯಲಿಲ್ಲ. ಆಕ್ಷೇಪವು ನಿಜವೆಂದು ನಾವೂ ಬಲ್ಲೆವು. ಆದರೂ ನೇಗಿಲು ಹಿಡಿದ ನೂರಾರು ಮಂದಿಗೆ ಮೋಹನ, ಕಾಂಭೋಜಿಗಳ ಗುರುತು ಹಿಡಿಸಿದುದು ಯಾವುದು? ತಂಬೂರಿಯಂತೂ ನಮ್ಮೂರಿಗೆ ಬರಲಿಲ್ಲ.

ಮೇಷ್ಟರು ಗತಿಸಿದ ಮೇಲೆ ಆ ಪೆಟ್ಟಿಗೆ ನಮ್ಮ ಅಟ್ಟ ಸೇರಿತು. ಈಗ ಹಲವು ನಾಟಕಗಳಿಗೆ ವಿದ್ಯುತ್ತಿನ ಕೀಬೋರ್ಡನ್ನೇ ಬಾಡಿಗೆಗೆ ತರುತ್ತಾರೆ. ಹಳೆಯದನ್ನು ಗುಜರಿಗೆ ಹಾಕೋಣವೆಂದು ಮನೆಯವರು ಯುಗಾದಿಯ ಮುನ್ನ ಕೆಳಗಿಳಿಸಿದರು. ನಾವು ಧೂಳು ಒರಸಿ ತುಳಿದು ನೋಡಿದೆವು. ತಿದಿಯ ಚರ್ಮ ಎರಡು ಕಡೆ ಹರಿದಿದೆ. ಐದನೆಯ ಮನೆ ಮತ್ತೆ ಮೂಕವಾಗಿದೆ. ಗುಜರಾತಿನ ಪಾಲಿತಾಣದಲ್ಲಿ ರೀಡುಗಳನ್ನು ಮಾಡುವ ಕಸಬುದಾರರಿದ್ದಾರೆ. ಗುಜರಿಯವನನ್ನು ಹಿಂದಕ್ಕೆ ಕಳುಹಿಸಿ, ಅಲ್ಲಿಗೆ ಕಾಗದ ಬರೆದಿದ್ದೇವೆ.